ನೌಕರಿ, ತೋಟ, ಮನೆಗಳ ನಡುವೆ ಬ್ಲಾಗಿಗೆ ಸಮಯ ಎಲ್ಲಿಂದ?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯವಳು. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಪೇಟೆಯ ಸಹಕಾರ ಸಂಘವೊಂದರಲ್ಲಿ ನೌಕರಿ. ಮನೆಗೆ ಬಂದರೆ ಒಂದು ಎಕರೆ ಅಡಿಕೆ ತೋಟ, ಕೊಟ್ಟಿಗೆ, ಆರನೆಯ ತರಗತಿಯಲ್ಲಿ ಓದುವ ಮಗಳು. ಮಲೆನಾಡಿನ ಅಡುಗೆ ಮತ್ತು ನಮ್ಮ ಜಿಲ್ಲೆಯ ಪ್ರವಾಸಿ ತಾಣಗಳ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಆರಂಭಿಸಿ ಹದಿನಾರು ತಿಂಗಳಾಯಿತು. ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಕುಳಿತು ಇದುವರೆಗೆ 74 ಬರಹಗಳನ್ನು ಹಾಕಿದ್ದೇನೆ. ಅವುಗಳಲ್ಲಿ 22 ಅಡಿಕೆ ಧಾರಣೆಯವು. ಒಟ್ಟು 52 ಸಾವಿರ ಪುಟವೀಕ್ಷಣೆಗಳಾಗಿವೆ, ಗೂಗಲ್ ಜಾಹೀರಾತಿನ ಹಣ ಜಮೆಯಾಗುವ ಆಡ್‌ಸೆನ್ಸ್ ಖಾತೆಯಲ್ಲಿ 31 ಡಾಲರ್ ಇದೆ. ದಿನಕ್ಕೊಂದು ಲೇಖನ ಹಾಕಿದರೆ ಮಾತ್ರ ಬೆಳೆಯಬಹುದು ಎಂದು ಯೂಟ್ಯೂಬಿನಲ್ಲಿ ಎಲ್ಲರೂ ಹೇಳುತ್ತಾರೆ. ಇನ್ನೆಷ್ಟು ನಿದ್ದೆ ಬಿಡಲಿ? ಸಮಯವನ್ನು ಹೇಗೆ ಹೊಂದಿಸಿಕೊಂಡರೆ ಇದರಿಂದ ತಿಂಗಳಿಗೆ ಏಳೆಂಟು ಸಾವಿರ ರೂಪಾಯಿಯಾದರೂ ಬಂದೀತು?

ಉತ್ತರ: ಲೆಕ್ಕವನ್ನು ಮುಚ್ಚಿಡದೆ ಬರೆದಿದ್ದೀರಿ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. 52 ಸಾವಿರ ವೀಕ್ಷಣೆಗೆ 31 ಡಾಲರ್ ಎಂದರೆ ಸಾವಿರಕ್ಕೆ ಸುಮಾರು 60 ಸೆಂಟ್. ನೀವು ಬಯಸುವ ಏಳೆಂಟು ಸಾವಿರ ರೂಪಾಯಿಯನ್ನು 90 ಡಾಲರ್ ಎಂದಿಟ್ಟುಕೊಂಡರೆ, ಇದೇ ದರದಲ್ಲಿ ಅದು ಬರಬೇಕಾದರೆ ತಿಂಗಳಿಗೆ ಒಂದೂವರೆ ಲಕ್ಷ ವೀಕ್ಷಣೆ ಬೇಕು; ಈಗ ಬರುತ್ತಿರುವುದು ಸರಾಸರಿ 3,250. ಅಂತರ ಸುಮಾರು 46 ಪಟ್ಟು. ದಿನಕ್ಕೆ ಒಂದು ಗಂಟೆ ನಿದ್ದೆ ಬಿಟ್ಟರೆ ದುಡಿಮೆ ಒಂದೂವರೆ ಪಟ್ಟಾಗುತ್ತದೆ, 46 ಪಟ್ಟಾಗುವುದಿಲ್ಲ. ಹೆಚ್ಚು ಹೊತ್ತು ಕುಳಿತು ಈ ಅಂತರವನ್ನು ತುಂಬಲು ಸಾಧ್ಯವಿಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಇನ್ನು ಗಂಟೆಗಳ ಲೆಕ್ಕ. ಹದಿನಾರು ತಿಂಗಳಲ್ಲಿ ಸುಮಾರು 480 ರಾತ್ರಿಗಳು, ಎರಡೆರಡು ಗಂಟೆಯಂತೆ 960 ಗಂಟೆ. ಮದುವೆ, ಮುಂಜಿ, ಜ್ವರ, ಕರೆಂಟಿಲ್ಲದ ರಾತ್ರಿ ಎಂದು ಮೂರರಲ್ಲಿ ಒಂದು ಪಾಲನ್ನು ಕಳೆದರೂ 640 ಗಂಟೆ ಉಳಿಯುತ್ತದೆ. ಅಂದರೆ ಒಂದೊಂದು ಬರಹಕ್ಕೆ ಎಂಟೂವರೆ ಗಂಟೆಗಿಂತ ಹೆಚ್ಚು, ಅದೂ ಹತ್ತು ಸಾಲಿನ ಧಾರಣೆಯ ಬರಹಗಳನ್ನೂ ಸೇರಿಸಿಕೊಂಡು. ನಿಮ್ಮ ಬರಹಗಳ ಉದ್ದ ನೋಡಿದರೆ ಅಷ್ಟು ಹೊತ್ತು ಬರವಣಿಗೆಗೆ ಹೋಗಿರಲಾರದು. ಬೇರೆ ಎಲ್ಲಿಗೋ ಹೋಗಿದೆ.

ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ತಿಳಿದದ್ದು ನನ್ನದೇ ಒಂದು ಲೇಖನವನ್ನು ಗಡಿಯಾರ ಹಿಡಿದು ಬರೆದಾಗ. ಕುಮಟಾದ ನನ್ನ ಮನೆಯಿಂದ ಶಿಲಾಶಿಖರಗಳ ಯಾಣ ದೂರವಲ್ಲ. ಹತ್ತಾರು ಸಲ ಹೋಗಿ ಬಂದಿದ್ದ ಜಾಗವಾದ್ದರಿಂದ ಲೇಖನ ಮೂರು ಗಂಟೆಯ ಕೆಲಸ ಎಂದುಕೊಂಡಿದ್ದೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟು ಪ್ರತಿ ಕೆಲಸದ ಆರಂಭ ಮತ್ತು ಕೊನೆಯ ಹೊತ್ತನ್ನು ಗುರುತಿಸುತ್ತ ಹೋದೆ. ಯಾವ ದಿಕ್ಕಿನಿಂದ ಬರೆಯಬೇಕು ಎಂದು ಯೋಚಿಸಲು 35 ನಿಮಿಷ. ಮೊದಲ ಪ್ಯಾರಾವನ್ನು ನಾಲ್ಕು ಸಲ ಬರೆದು ಅಳಿಸಲು 50 ನಿಮಿಷ. 212 ಚಿತ್ರಗಳಲ್ಲಿ ಒಂಬತ್ತನ್ನು ಆರಿಸಲು ಒಂದು ಗಂಟೆ 40 ನಿಮಿಷ. ಉಳಿದ ಬರಹಕ್ಕೆ ಎರಡು ಗಂಟೆ 10 ನಿಮಿಷ. ಮುಖಚಿತ್ರದ ಮೇಲಿನ ಅಕ್ಷರಕ್ಕೆ ಒಪ್ಪುವ ಫಾಂಟು ಹುಡುಕಲು 55 ನಿಮಿಷ. ಪ್ರಕಟಿಸಿದ ನಂತರ ವಾಟ್ಸಾಪ್ ಗುಂಪುಗಳಿಗೆ ಕಳುಹಿಸಿ ಯಾರು ಏನೆಂದರು ಎಂದು ನೋಡುತ್ತ ಕುಳಿತದ್ದು ಒಂದು ಗಂಟೆ 20 ನಿಮಿಷ. ಶೀರ್ಷಿಕೆ, ಉಪಶೀರ್ಷಿಕೆ ಮತ್ತು ಹುಡುಕಾಟದಲ್ಲಿ ಕಾಣಿಸುವ ಎರಡು ಸಾಲಿನ ವಿವರಣೆಗೆ ಕೊಟ್ಟದ್ದು 15 ನಿಮಿಷ. ಒಟ್ಟು ಏಳು ಗಂಟೆ 45 ನಿಮಿಷ.

ಮೂರು ಗಂಟೆ ಎಂದದ್ದು ಏಳೂಮುಕ್ಕಾಲು ಆದದ್ದರಲ್ಲಿ ವಿಶೇಷವೇನಿಲ್ಲ. ತನ್ನ ಕೆಲಸಕ್ಕೆ ಬೇಕಾಗುವ ಸಮಯವನ್ನು ಮನುಷ್ಯ ಸದಾ ಕಡಿಮೆಯೆಂದೇ ಅಂದಾಜು ಮಾಡುತ್ತಾನೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಷ್ಟು ಹಿಂದೆಯೇ ಬರೆದಿದ್ದಾರೆ. ನನ್ನನ್ನು ಕಾಡಿದ್ದು ಆ 15 ನಿಮಿಷ. ಆರು ತಿಂಗಳ ನಂತರ ನೋಡಿದರೆ ಓದುಗರು ಬರುತ್ತಿದ್ದದ್ದು ವಾಟ್ಸಾಪಿನಿಂದಲ್ಲ, ಗೂಗಲ್ ಹುಡುಕಾಟದಿಂದ. ಮತ್ತು ಅವರು ಹುಡುಕುತ್ತಿದ್ದದ್ದು ನಾನು ಮುತುವರ್ಜಿಯಿಂದ ಬರೆದ ಭಸ್ಮಾಸುರನ ಕಥೆಯನ್ನಲ್ಲ, 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ವರ್ಣನೆಯನ್ನೂ ಅಲ್ಲ. ವಾಹನ ನಿಲ್ಲಿಸಿದ ಮೇಲೆ ಎಷ್ಟು ನಡೆಯಬೇಕು, ವಯಸ್ಸಾದವರು ಮೆಟ್ಟಿಲು ಹತ್ತಬಹುದೇ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ, ಮಳೆಗಾಲದಲ್ಲಿ ಉಂಬಳದ ಕಾಟ ಎಷ್ಟು, ಇವೇ ಅವರ ಪ್ರಶ್ನೆಗಳು. ಈ ನಾಲ್ಕಕ್ಕೂ ಉತ್ತರ ನನ್ನ ಲೇಖನದ ಹೊಟ್ಟೆಯೊಳಗೆ ಎಲ್ಲೋ ಇತ್ತು. ಒಂದಕ್ಕೂ ಉಪಶೀರ್ಷಿಕೆ ಇರಲಿಲ್ಲ. 'ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ' ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ನನ್ನ ಯಾಣದಲ್ಲಿ ಬರೆದವನ ಸೊಕ್ಕು ಮಾತ್ರ ಇತ್ತು. ಮರುದಿನ ಒಂದೇ ಗಂಟೆ ಕುಳಿತು ಆ ನಾಲ್ಕು ಪ್ರಶ್ನೆಗಳನ್ನೇ ಉಪಶೀರ್ಷಿಕೆಗಳನ್ನಾಗಿ ಮಾಡಿ ಲೇಖನವನ್ನು ತಿರುವಿ ಹಾಕಿದೆ. ಈಗಲೂ ನನ್ನ ಬ್ಲಾಗಿನಲ್ಲಿ ಅತಿ ಹೆಚ್ಚು ಓದುಗರನ್ನು ತರುವ ಮೂರು ಬರಹಗಳಲ್ಲಿ ಅದೊಂದು.

ಆದ್ದರಿಂದ ನಿಮ್ಮಿಂದ ಮೊದಲು ಆಗಬೇಕಾದದ್ದು ಹೊಸ ಬರಹವಲ್ಲ. ಎರಡು ವಾರ ಇಂಥದೇ ಒಂದು ಹಾಳೆಯನ್ನು ಇಟ್ಟುಕೊಳ್ಳಿ. ಅದಕ್ಕೆ ಆ್ಯಪ್ ಬೇಡ, ಮಗಳ ಹಳೆಯ ನೋಟ್‌ಬುಕ್ಕಿನ ಹಿಂಬದಿ ಸಾಕು. ಅದೇ ಎರಡು ವಾರದಲ್ಲಿ ಗೂಗಲ್ ಸರ್ಚ್ ಕನ್ಸೋಲ್ ತೆರೆದು, ಯಾವ ಪುಟ ಯಾವ ಮಾತಿಗೆ ಹುಡುಕಾಟದಲ್ಲಿ ಕಾಣಿಸಿಕೊಂಡಿದೆ ಎಂಬುದನ್ನು ನೋಡಿ. ಈ ಸೌಲಭ್ಯಕ್ಕೆ ಹಣ ಕೊಡಬೇಕಾಗಿಲ್ಲ, ಮತ್ತು ಅದು ಹದಿನಾರು ತಿಂಗಳ ಮಾಹಿತಿಯನ್ನು ಉಳಿಸಿಕೊಂಡಿರುತ್ತದೆ. ನೀವು ಆರಂಭದಲ್ಲೇ ಬ್ಲಾಗನ್ನು ಅದರಲ್ಲಿ ನೋಂದಾಯಿಸಿದ್ದರೆ ನಿಮ್ಮ ಇಡೀ ಇತಿಹಾಸ ಅಲ್ಲಿದೆ, ಇನ್ನು ತಡಮಾಡಿದರೆ ಹಳೆಯ ತಿಂಗಳುಗಳು ಒಂದೊಂದಾಗಿ ಅಳಿಯತೊಡಗುತ್ತವೆ. ನಾನು ನೋಡಿಕೊಟ್ಟ ಬ್ಲಾಗುಗಳಲ್ಲೆಲ್ಲ ಕಂಡದ್ದು ಒಂದೇ: ಬೆರಳೆಣಿಕೆಯ ಬರಹಗಳು ಇಡೀ ಬ್ಲಾಗನ್ನು ಹೊತ್ತಿರುತ್ತವೆ, ಉಳಿದವು ಹೆಸರಿಗೆ ಮಾತ್ರ ಇರುತ್ತವೆ. ಅದರಲ್ಲೂ ಹುಡುಕಾಟದಲ್ಲಿ ಸರಾಸರಿ 11ರಿಂದ 20ನೆಯ ಸ್ಥಾನದಲ್ಲಿರುವ ಪುಟಗಳನ್ನು ಬೇರೆಯಾಗಿ ಬರೆದುಕೊಳ್ಳಿ. ಗೂಗಲ್ ಅವನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ, ಓದುಗರ ಕಣ್ಣಿಗೆ ಬೀಳುವಷ್ಟು ಮೇಲೆ ತಂದಿಲ್ಲ. ಇಂಥ ಒಂದು ಪುಟದ ದುರಸ್ತಿಗೆ ಕೊಡುವ ಒಂದೂವರೆ ಗಂಟೆ, ಹೊಸ ಬರಹಕ್ಕೆ ಕೊಡುವ ಎಂಟು ಗಂಟೆಗಿಂತ ಹೆಚ್ಚು ಫಲ ಕೊಟ್ಟದ್ದನ್ನು ಮತ್ತೆ ಮತ್ತೆ ನೋಡಿದ್ದೇನೆ. ಅಲ್ಲಿಯೇ ಇನ್ನೊಂದನ್ನೂ ಗಮನಿಸುತ್ತೀರಿ: ಕನ್ನಡ ಓದುವವರಲ್ಲಿ ಅನೇಕರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಟೈಪು ಮಾಡಿ ಹುಡುಕುತ್ತಾರೆ. ಅವರು ಬಳಸುವ ಕಾಗುಣಿತವನ್ನು ಪುಟದ ವಿಳಾಸದಲ್ಲಿ ಮತ್ತು ಚಿತ್ರದ ಹೆಸರಿನಲ್ಲಿ ಬಳಸಿದರೆ ಸಾಕು, ಬರಹದೊಳಗೆ ತುರುಕಬೇಕಾಗಿಲ್ಲ. ಆದರೆ ಈಗಾಗಲೇ ಪ್ರಕಟವಾಗಿರುವ ಪುಟದ ವಿಳಾಸವನ್ನು ಮಾತ್ರ ಬದಲಿಸಬೇಡಿ. ಗಳಿಸಿದ ಸ್ಥಾನವೂ ಹೋದೀತು.

ಅಡಿಕೆ ಧಾರಣೆಯ ಬಗ್ಗೆ ಸ್ಪಷ್ಟವಾಗಿಯೇ ಹೇಳಿಬಿಡುತ್ತೇನೆ: ಇಂದೇ ನಿಲ್ಲಿಸಿ. ನೀವು ಸಂಘದಲ್ಲೇ ಇರುವುದರಿಂದ ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟುಗಳ ದರ ಕೈಗೆ ಸಿಗುತ್ತದೆ, ಹತ್ತು ನಿಮಿಷದಲ್ಲಿ ಹಾಕಿಬಿಡಬಹುದು ಎನ್ನಿಸುವುದು ಸಹಜ. ಆದರೆ ಇಂದಿನ ಧಾರಣೆಗೆ ನಾಳೆ ಮಧ್ಯಾಹ್ನದ ಹೊತ್ತಿಗೆ ಬೆಲೆಯಿಲ್ಲ, ಮತ್ತು ಅದನ್ನು ಪತ್ರಿಕೆಗಳೂ ವಾಟ್ಸಾಪ್ ಗುಂಪುಗಳೂ ನಿಮಗಿಂತ ಮೊದಲೇ ಹಂಚಿರುತ್ತವೆ. ಹಾಗೆಂದು ಅಡಿಕೆಯ ವಿಷಯವೇ ಬೇಡ ಎಂದಲ್ಲ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮನೆಯಲ್ಲಿ ತಯಾರಿಸುವುದು ಹೇಗೆ, ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ಯಾವುದನ್ನು ಯಾವುದಕ್ಕೆ ಸುರಿಯಬೇಕು, ಹದ ಸರಿಯಾಗಿದೆಯೆಂದು ನೋಡುವುದು ಹೇಗೆ ಎಂದು ಚಿತ್ರಸಹಿತ ಬರೆದ ಬರಹವೊಂದು ಪ್ರತಿ ವರ್ಷ ಮೇ ತಿಂಗಳ ಕೊನೆಗೆ ತಾನಾಗಿ ಓದುಗರನ್ನು ಕರೆತರುತ್ತದೆ. ನಿಮ್ಮ 22 ಧಾರಣೆಗಳಿಗೆ ಹೋದ ಹೊತ್ತಿನಲ್ಲಿ ಇಂಥ ಎರಡು ಬರಹಗಳಾಗುತ್ತಿದ್ದವು.

ಇನ್ನು ದಿನಚರಿ. ರಾತ್ರಿ ಹತ್ತರಿಂದ ಹನ್ನೆರಡು ಬರವಣಿಗೆಗೆ ಅತ್ಯಂತ ಕೆಟ್ಟ ಹೊತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ, ವಿಶೇಷವಾಗಿ ಹಗಲೆಲ್ಲ ಲೆಕ್ಕದ ಪುಸ್ತಕ ನೋಡಿ, ಸಂಜೆ ಕೊಟ್ಟಿಗೆಯ ಕೆಲಸ ಮುಗಿಸಿ ಬಂದವರಿಗೆ. ಬ್ಲಾಗಿನಲ್ಲಿ ಎರಡು ಬಗೆಯ ಕೆಲಸಗಳಿವೆ. ಏನು ಹೇಳಬೇಕೆಂದು ತೀರ್ಮಾನಿಸುವುದು, ಬರೆಯುವುದು, ಶೀರ್ಷಿಕೆ ಕೊಡುವುದು ತಲೆಯ ಕೆಲಸ. ಚಿತ್ರಗಳ ಗಾತ್ರ ಇಳಿಸುವುದು, ಹಳೆಯ ಕೊಂಡಿಗಳನ್ನು ಪರೀಕ್ಷಿಸುವುದು, ಓದುಗರಿಗೆ ಉತ್ತರಿಸುವುದು, ಲೆಕ್ಕ ಬರೆಯುವುದು ಕೈಯ ಕೆಲಸ. ಎರಡನೆಯದನ್ನು ಸುಸ್ತಾದಾಗಲೂ ಮಾಡಬಹುದು. ಮೊದಲನೆಯದನ್ನು ಸುಸ್ತಿನಲ್ಲಿ ಮಾಡಹೊರಟರೆ ಅದೇ ನಾಲ್ಕು ಸಲ ಬರೆದು ಅಳಿಸಿದ ಪ್ಯಾರಾ. ನೀವು ಹೇಗೂ ಐದಕ್ಕೆ ಏಳುವವರಾಗಿದ್ದರೆ ವಾರದಲ್ಲಿ ಮೂರು ಬೆಳಿಗ್ಗೆ ಐದರಿಂದ ಆರೂಕಾಲರವರೆಗೆ ಬರವಣಿಗೆಗೆ ಇಟ್ಟುಕೊಳ್ಳಿ, ಆ ಮೂರು ದಿನ ಹಾಲು ಕರೆಯುವ ಕೆಲಸವನ್ನು ಮನೆಯವರು ಯಾರಾದರೂ ವಹಿಸಿಕೊಳ್ಳಲಿ. ಎರಡು ರಾತ್ರಿ ಮುಕ್ಕಾಲು ಗಂಟೆಯಂತೆ ಕೈಯ ಕೆಲಸ, ಭಾನುವಾರ ಎರಡು ಗಂಟೆ ಚಿತ್ರೀಕರಣ ಅಥವಾ ದುರಸ್ತಿ. ಒಟ್ಟು ವಾರಕ್ಕೆ ಏಳೂಕಾಲು ಗಂಟೆಯಾಯಿತು, ಈಗ ನೀವು ಕೂರುವುದರ ಅರ್ಧದಷ್ಟು. ಇದರಲ್ಲಿ ತಿಂಗಳಿಗೆ ಎರಡು ಹೊಸ ಬರಹ ಮತ್ತು ಎರಡು ದುರಸ್ತಿ ಸಾಧ್ಯ. ಹಾಲಿನ ಮಾತನ್ನು ಸುಮ್ಮನೆ ಎತ್ತಿದ್ದಲ್ಲ. ಮನೆಯಲ್ಲಿ ಬಾಯಿಬಿಟ್ಟು ಹೇಳಿ ಒಪ್ಪಿಸಿಕೊಳ್ಳದ ಸಮಯ ನಿಮ್ಮದಾಗಿ ಉಳಿಯುವುದಿಲ್ಲ. 'ಮೊಬೈಲ್ ಹಿಡಿದು ಕೂತಿದ್ದಾಳೆ' ಎಂಬ ಮಾತು ಬರುವುದು ಆ ಹೊತ್ತಿಗೆ ಹೆಸರಿಲ್ಲದಿದ್ದಾಗ.

ಇಪ್ಪತ್ತೈದು ನಿಮಿಷ ದುಡಿದು ಐದು ನಿಮಿಷ ವಿರಮಿಸುವ ಪೊಮೊಡೊರೊ ಪದ್ಧತಿಯ ಬಗ್ಗೆ ಎಲ್ಲ ಕಡೆ ಕೇಳಿರುತ್ತೀರಿ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬವರು 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರ ಇಟ್ಟುಕೊಂಡು ರೂಪಿಸಿದ್ದು. ಕೈಯ ಕೆಲಸಕ್ಕೆ ಅದು ಒಳ್ಳೆಯದೇ. ಬರವಣಿಗೆಗೆ ನನಗೆ ಒಗ್ಗಲಿಲ್ಲ, ಏಕೆಂದರೆ ಮೊದಲ ಇಪ್ಪತ್ತು ನಿಮಿಷ ವಿಷಯದ ಒಳಗೆ ಇಳಿಯಲಿಕ್ಕೇ ಬೇಕಾಗುತ್ತದೆ.

ಆದರೆ ವಾರದ ವೇಳಾಪಟ್ಟಿಗಿಂತ ಮುಖ್ಯವಾದದ್ದು ವರ್ಷದ ವೇಳಾಪಟ್ಟಿ. ಯೂಟ್ಯೂಬಿನ ಸಲಹೆಗಾರರು ಇದರ ಬಗ್ಗೆ ಹೇಳದಿರುವುದಕ್ಕೆ ಕಾರಣ, ಅವರ ಊರಿನಲ್ಲಿ ಎಲ್ಲ ತಿಂಗಳೂ ಒಂದೇ ಥರ ಇರುವುದು. ನಮ್ಮ ಜಿಲ್ಲೆಯಲ್ಲಿ ಹಾಗಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಘಟ್ಟದ ಮೇಲೆ ಮಳೆ, ಮದ್ದು ಹೊಡೆಯುವ ಗಡಿಬಿಡಿ, ಮರ ಬಿದ್ದು ಎರಡೆರಡು ದಿನ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ನವೆಂಬರಿನಿಂದ ಫೆಬ್ರುವರಿವರೆಗೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ನಂತರ ಆಲೆಮನೆ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ, ಮಗಳ ಪರೀಕ್ಷೆ, ಮೇ ತಿಂಗಳಲ್ಲಿ ಮನೆ ತುಂಬ ನೆಂಟರು. ಈ ವರ್ಷದ ಮೇಲೆ 'ದಿನಕ್ಕೊಂದು ಲೇಖನ' ಎಂಬ ನಿಯಮವನ್ನು ಹೇರಿದರೆ ಮೂರನೆಯ ವಾರಕ್ಕೆ ಅದು ಮುರಿಯುತ್ತದೆ, ಮುರಿದ ನಿಯಮದ ಜೊತೆಗೆ ಉಮೇದೂ ಹೋಗುತ್ತದೆ.

ಓದುಗರ ಹುಡುಕಾಟಕ್ಕೂ ಹೀಗೆಯೇ ಒಂದು ವರ್ಷವಿದೆ. ಉಂಚಳ್ಳಿ, ಸಾತೊಡ್ಡಿ, ಮಾಗೋಡು ಜಲಪಾತಗಳನ್ನು ಜನ ಹುಡುಕತೊಡಗುವುದು ಮಳೆ ಕಡಿಮೆಯಾಗುವ ಹೊತ್ತಿಗೆ, ಸೆಪ್ಟೆಂಬರ್‌ನಿಂದ. ಅಪ್ಪೆಮಿಡಿಯನ್ನು ಮಿಡಿ ಪೇಟೆಗೆ ಬರುವ ಮುನ್ನ. ಆದರೆ ನೀವು ಇಂದು ಪ್ರಕಟಿಸಿದ ಪುಟ ನಾಳೆಯೇ ಹುಡುಕಾಟದಲ್ಲಿ ಮೇಲೆ ಬರುವುದಿಲ್ಲ. ಹೊಸದಾದ, ಚಿಕ್ಕ ಬ್ಲಾಗಿಗೆ ಎರಡು ಮೂರು ತಿಂಗಳಾದರೂ ಬೇಕು. ಹಾಗಾಗಿ ಜಲಪಾತದ ಬರಹ ಜೂನ್‌ನಲ್ಲೇ ಪ್ರಕಟವಾಗಿರಬೇಕು, ಅಪ್ಪೆಮಿಡಿಯದು ಡಿಸೆಂಬರಿನಲ್ಲಿ. ಡಿಸೆಂಬರಿನಲ್ಲಿ ಮಿಡಿ ಎಲ್ಲಿದೆ ಎನ್ನುತ್ತೀರಿ. ಅದಕ್ಕೇ ಚಿತ್ರಗಳನ್ನು ಹಿಂದಿನ ಮಾರ್ಚಿನಲ್ಲಿ ತೆಗೆದಿಟ್ಟುಕೊಂಡಿರಬೇಕು. ಮಿಡಿಯನ್ನು ಹಾಳಾಗದಂತೆ ಉಪ್ಪಿನಲ್ಲಿ ಹಾಕಿಟ್ಟು ವರ್ಷವಿಡೀ ಬಳಸುವ ಮನೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಕ್ಕಿ ಮತ್ತು ಕಬ್ಬಿನ ಹಾಲಿನಿಂದ ಮಾಡುವ, ಕಾಗದದಷ್ಟು ತೆಳುವಾದ ಸಿಹಿತಿಂಡಿ ತೊಡದೇವಿನ ಒಂದು ಬರಹವನ್ನೇ ತೆಗೆದುಕೊಂಡು ಇದು ಹೇಗೆ ನಡೆಯುತ್ತದೆ ಎಂದು ನೋಡೋಣ, ಏಕೆಂದರೆ ನಿಮ್ಮ ಪಟ್ಟಿಯಲ್ಲಿ ಅದು ಇಲ್ಲದಿರುವುದು ನನಗೆ ಆಶ್ಚರ್ಯವಾಯಿತು. ಆಲೆಮನೆಯ ದಿನಗಳಲ್ಲಿ, ಹೇಗೂ ಮನೆಯಲ್ಲಿ ತೊಡದೇವು ಮಾಡುವ ದಿನ, ಫೋನನ್ನು ಒಲೆಯ ಪಕ್ಕದಲ್ಲಿ ಎತ್ತರಕ್ಕೆ ನಿಲ್ಲಿಸಿಕೊಳ್ಳಿ. ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ರುಬ್ಬಿದ ಹಿಟ್ಟಿನ ಹದ, ಬೋರಲು ಹಾಕಿದ ಗಡಿಗೆಯ ಬೆನ್ನು ಕಾದದ್ದು, ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಒಂದೇ ಎಳೆತದಲ್ಲಿ ಗಡಿಗೆಯ ಮೇಲೆ ಬಳಿಯುವುದು, ಅಂಚು ಬಿಟ್ಟು ಕಾಗದದಂತೆ ಏಳುವುದು, ತುಪ್ಪ ಸವರಿ ಮಡಿಸುವುದು. ಇಷ್ಟನ್ನು ತೆಗೆಯಲು ಪ್ರತ್ಯೇಕ ಸಮಯ ಬೇಕಾಗಿಲ್ಲ, ಕೆಲಸದ ನಡುವೆ ಆಗುತ್ತದೆ. ಬಳಿಯುವಾಗ ಹರಿದುಹೋದ ಮೊದಲ ಎರಡು ತೊಡದೇವುಗಳ ಚಿತ್ರವನ್ನೂ ಅಳಿಸಬೇಡಿ. ಗಡಿಗೆ ಸಾಲದಷ್ಟು ಕಾದಾಗ ಏನಾಗುತ್ತದೆ, ಹಿಟ್ಟು ದಪ್ಪವಾದಾಗ ಏನಾಗುತ್ತದೆ ಎಂಬುದನ್ನು ಕೂತ ಜಾಗದಿಂದ ಯಾರೂ ಬರೆಯಲಾರರು, ಅದು ನಿಮ್ಮ ಅಡುಗೆಮನೆಯಲ್ಲಿ ಮಾತ್ರ ಇದೆ. ಅದೇ ರಾತ್ರಿ ಒಂಬತ್ತೇ ಚಿತ್ರಗಳನ್ನು ಉಳಿಸಿಕೊಂಡು, ಅಳತೆಗಳನ್ನು ಮತ್ತು ಅತ್ತೆಯವರು ಹೇಳಿದ ಎರಡು ಮಾತುಗಳನ್ನು ಟಿಪ್ಪಣಿ ಮಾಡಿಡಿ. ಬರೆಯುವುದು ಜುಲೈನಲ್ಲಿ, ಕರೆಂಟಿಲ್ಲದ ಬೆಳಿಗ್ಗೆಯಲ್ಲೂ ಆಗುತ್ತದೆ, ಏಕೆಂದರೆ ಬರೆಯಲು ನೆಟ್ ಬೇಡ. ಪ್ರಕಟಣೆ ಅಕ್ಟೋಬರಿನಲ್ಲಿ. ಕೊಯ್ಲಿನ ನಾಲ್ಕು ತಿಂಗಳು ಹೊಸದಾಗಿ ಏನನ್ನೂ ಬರೆಯದೆ, ಮಳೆಗಾಲದಲ್ಲಿ ಬರೆದಿಟ್ಟ ಏಳೆಂಟನ್ನು ತಾರೀಖು ಗೊತ್ತುಮಾಡಿ ತಾನಾಗಿ ಪ್ರಕಟವಾಗುವಂತೆ ಜೋಡಿಸಿಡಿ. ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಎರಡರಲ್ಲೂ ಈ ಅನುಕೂಲವಿದೆ. ಕರಾವಳಿಯ ನಮಗೂ ಇದೇ ಲೆಕ್ಕ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಕಾರವಾರದ ಮೀನಿನ ಅಡುಗೆಯ ಬಗ್ಗೆ ಬರೆಯುವ ನನ್ನ ಪರಿಚಿತರೊಬ್ಬರು ಆಗಸ್ಟ್‌ಗೆ ಬೇಕಾದದ್ದನ್ನೆಲ್ಲ ಆ ಎರಡು ತಿಂಗಳಲ್ಲಿ ಬರೆದು ಮುಗಿಸುತ್ತಾರೆ.

ಟೈಪಿಂಗ್ ವೇಗದ ಬಗ್ಗೆ ನೀವು ಕೇಳಿಲ್ಲ, ಆದರೆ ಕನ್ನಡದಲ್ಲಿ ಬರೆಯುವವರ ಸಮಯ ಸೋರಿಹೋಗುವ ದೊಡ್ಡ ತೂತು ಅದೇ. ಕಚೇರಿಯ ಅಭ್ಯಾಸದಿಂದ ನೀವು ಇನ್ನೂ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದು ನಂತರ ಯೂನಿಕೋಡಿಗೆ ಪರಿವರ್ತಿಸುತ್ತಿದ್ದರೆ, ಪರಿವರ್ತನೆಯಲ್ಲಿ ಒಡೆದ ಒತ್ತಕ್ಷರಗಳನ್ನು ಸರಿಪಡಿಸುವುದರಲ್ಲೇ ಪ್ರತಿ ಬರಹಕ್ಕೆ ಅರ್ಧ ಗಂಟೆ ಹೋಗುತ್ತದೆ. ಕೀಲಿಮಣೆಯ ವಿನ್ಯಾಸ ಅದೇ ಇರಲಿ, ನೇರವಾಗಿ ಯೂನಿಕೋಡಿನಲ್ಲಿ ಬರೆಯಿರಿ. ಫೋನಿನ ಧ್ವನಿ ಟೈಪಿಂಗ್ ಮೊದಲ ಕರಡಿಗೆ ಬಹಳ ಅನುಕೂಲ. ನಮ್ಮ ಕಡೆಯ 'ತಂಬ್ಳಿ', 'ಗೊಜ್ಜು', 'ಸಾಸ್ಮೆ'ಗಳನ್ನು ಅದು ಏನೇನೋ ಆಗಿ ಕೇಳಿಸಿಕೊಳ್ಳುತ್ತದೆ ಎಂಬುದನ್ನು ಬಿಟ್ಟರೆ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಎರಡು ಪ್ಯಾರಾ ಹೇಳಿ ಮುಗಿಸಬಹುದು. ಕೃತಕ ಬುದ್ಧಿಮತ್ತೆಯಿಂದ ಬರೆಸಿ ದಿನಕ್ಕೊಂದು ಹಾಕುವ ದಾರಿಯನ್ನು ಕೆಲವರು ಸೂಚಿಸುತ್ತಾರೆ. ಹುಡುಕಾಟದಲ್ಲಿ ಸ್ಥಾನ ಗಿಟ್ಟಿಸಲೆಂದೇ ರಾಶಿಗಟ್ಟಲೆ ಪುಟಗಳನ್ನು ಸೃಷ್ಟಿಸುವುದನ್ನು ಗೂಗಲ್ 2024ರ ಮಾರ್ಚಿನಿಂದ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಸೇರಿಸಿದೆ. ಅದಕ್ಕಿಂತ ಮುಖ್ಯವಾಗಿ, ಯಂತ್ರಕ್ಕೆ ಗೊತ್ತಿರುವಷ್ಟನ್ನು ಹುಡುಕಾಟದ ಪುಟವೇ ಈಗ ಓದುಗನಿಗೆ ಹೇಳಿಬಿಡುತ್ತದೆ, ಅವನು ನಿಮ್ಮ ಬ್ಲಾಗಿನವರೆಗೆ ಬರುವುದು ಹರಿದ ತೊಡದೇವನ್ನು ನೋಡಲಿಕ್ಕೆ. ಕಾಗುಣಿತ ನೋಡಲು, ಶೀರ್ಷಿಕೆಗೆ ಐದು ಸಲಹೆ ಕೇಳಲು ಆ ಉಪಕರಣವನ್ನು ಬಳಸಿ, ಸಾಕು.

ವರ್ಷಕ್ಕೆ ಒಂದೇ ಗಂಟೆಯ, ಆದರೆ ತಪ್ಪಿಸಬಾರದ ಕೆಲಸವೊಂದಿದೆ. ನನ್ನ ಮೊದಲ ಬ್ಲಾಗಿನ ಡೊಮೈನ್, ಅಂದರೆ ಜಾಲವಿಳಾಸದ ಹೆಸರಿನ ನವೀಕರಣದ ದಿನಾಂಕ ಜುಲೈ ನಡುವಿನಲ್ಲಿ ಬರುತ್ತಿತ್ತು. ನೆನಪೋಲೆಗಳು ನಾನು ನೋಡದ ಹಳೆಯ ಇಮೇಲಿಗೆ ಹೋಗಿದ್ದವು. ಮನೆಯ ಇಂಟರ್ನೆಟ್ ಸಿಡಿಲಿಗೆ ಸುಟ್ಟು ಹನ್ನೊಂದು ದಿನವಾಗಿತ್ತು. ರಿಪೇರಿಯಾಗಿ ತೆರೆದು ನೋಡಿದರೆ ಬ್ಲಾಗ್ ಇದ್ದ ಜಾಗದಲ್ಲಿ ಯಾವುದೋ ಜಾಹೀರಾತು. ಕಂಪನಿಯವರು ಹೆಸರನ್ನು ಮರಳಿ ಕೊಡಲು ಮಾಮೂಲಿನ ಹಲವು ಪಟ್ಟು ಹಣ ಕೇಳಿದರು, ಕೊಟ್ಟೆ, ಆದರೆ ಅಷ್ಟರಲ್ಲಿ ಹುಡುಕಾಟದ ಸ್ಥಾನಗಳು ಕುಸಿದಿದ್ದವು, ಹಿಂದಿನ ಮಟ್ಟಕ್ಕೆ ಬರಲು ದೀಪಾವಳಿ ದಾಟಿತು. ನವೀಕರಣವನ್ನು ಮೂರು ವರ್ಷಕ್ಕೆ ಒಟ್ಟಿಗೆ ಮಾಡಿಸಿ, ಅದೂ ಮಳೆಗಾಲದ ಮೊದಲು. ಮೇ ತಿಂಗಳಲ್ಲೇ ಎಲ್ಲ ಬರಹ ಮತ್ತು ಚಿತ್ರಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿಡಿ. ಆಡ್‌ಸೆನ್ಸಿನವರು ಖಾತೆ 10 ಡಾಲರ್ ತಲುಪಿದಾಗ ವಿಳಾಸ ಖಾತರಿಗಾಗಿ ಅಂಚೆಯಲ್ಲಿ ಪಿನ್ ಕಳುಹಿಸುತ್ತಾರೆ, ಅದನ್ನು ನಾಲ್ಕು ತಿಂಗಳೊಳಗೆ ದಾಖಲಿಸದಿದ್ದರೆ ಜಾಹೀರಾತು ನಿಲ್ಲುತ್ತದೆ. ನಿಮ್ಮ ಖಾತೆಯಲ್ಲಿ ಈ ಕೆಲಸ ಮುಗಿದಿರಬೇಕು, ಆಗಿಲ್ಲದಿದ್ದರೆ ನಾಳೆಯೇ ನೋಡಿ.

ಈಗ ಹಣದ ಮಾತು. ಆಡ್‌ಸೆನ್ಸ್ ಕೈಗೆ ಹಣ ಕೊಡುವುದು ಖಾತೆ 100 ಡಾಲರ್ ಮುಟ್ಟಿದ ಮೇಲೆ, ಮರುತಿಂಗಳ 21ರಿಂದ 26ರೊಳಗೆ. ನಿಮ್ಮ ಈಗಿನ ನಡಿಗೆಯಲ್ಲಿ ಅದಕ್ಕೆ ಇನ್ನೂ ಮೂರು ವರ್ಷ ಬೇಕು. ದುರಸ್ತಿ ಮತ್ತು ಋತುವಿನ ಲೆಕ್ಕದಿಂದ ಓದುಗರು ವರ್ಷದೊಳಗೆ ನಾಲ್ಕೈದು ಪಟ್ಟಾದರೂ ಜಾಹೀರಾತಿನಿಂದ ತಿಂಗಳಿಗೆ ಎಂಟರಿಂದ ಹತ್ತು ಡಾಲರ್ ಬಂದೀತು, ಅಷ್ಟೆ. ಆದ್ದರಿಂದ ಏಳೆಂಟು ಸಾವಿರದ ಗುರಿಯನ್ನು ಜಾಹೀರಾತಿನ ಮೇಲೆ ನಿಲ್ಲಿಸಬೇಡಿ, ಆ ಗುರಿಗಾಗಿ ಸಮಯವನ್ನು ಸುರಿಯಲೂ ಬೇಡಿ. ನಮ್ಮ ಕೊಂಡಿಯ ಮೂಲಕ ಯಾರಾದರೂ ಕೊಂಡರೆ ಕಮಿಷನ್ ಕೊಡುವ ಅಮೆಜಾನಿನ ಅಫಿಲಿಯೇಟ್ ವ್ಯವಸ್ಥೆಗೆ ಸೇರುವವರು ಮೊದಲ 180 ದಿನಗಳಲ್ಲಿ ಮೂರು ಮಾರಾಟ ತೋರಿಸಬೇಕು, ಇಲ್ಲವಾದರೆ ಖಾತೆ ಮುಚ್ಚುತ್ತದೆ. ಆದ್ದರಿಂದ ಓದುಗರು ಬೆಳೆಯುವ ಮುನ್ನ ಅದಕ್ಕೆ ಕೈಹಾಕಬೇಡಿ. ನಿಮಗೆ ಹತ್ತಿರದ ಆದಾಯ ಎರಡು. ಒಂದು, ನಿಮ್ಮ ಮನೆಯಲ್ಲೇ ತಯಾರಾಗುವ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಮುರುಗಲ ಹಣ್ಣಿನ ಸಿಪ್ಪೆ. ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಕಡೆಯವರು ಬರಹ ಓದಿದ ಬಳಿಕ ಕೇಳುವ ಮೊದಲ ಪ್ರಶ್ನೆ 'ಕಳಿಸ್ತೀರಾ?' ಎಂಬುದೇ. ಮಾರಾಟಕ್ಕೆ ಇಳಿಯುವ ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ, ಸಣ್ಣ ತಯಾರಕರಿಗೆ ಅದು ಸರಳವಾಗಿಯೇ ಇದೆ. ಪ್ಯಾಕಿಂಗ್ ಮತ್ತು ಅಂಚೆಯ ಕೆಲಸವನ್ನು ದಿನವೂ ಮಾಡದೆ ವಾರದಲ್ಲಿ ಒಂದೇ ದಿನಕ್ಕೆ ಕಟ್ಟಿಹಾಕಿ, ಇಲ್ಲದಿದ್ದರೆ ಉಳಿಸಿದ ಏಳೂಕಾಲು ಗಂಟೆಯನ್ನು ಅದೇ ತಿಂದುಹಾಕುತ್ತದೆ. ಇನ್ನೊಂದು, ಸುತ್ತಲಿನ ಹೋಂಸ್ಟೇಗಳಿಗೆ ಕನ್ನಡದಲ್ಲಿ ಪರಿಚಯ ಬರೆದುಕೊಡುವುದು. ತಿಂಗಳಿಗೆ ಅಂಥ ಒಂದು ಕೆಲಸದಿಂದಲೇ ಜಾಹೀರಾತಿನ ವರ್ಷದ ಹಣ ಬರಬಹುದು. ಹಣ ಅಥವಾ ಉಚಿತ ವಾಸ್ತವ್ಯ ಪಡೆದು ನಿಮ್ಮ ಬ್ಲಾಗಿನಲ್ಲೇ ಬರೆದರೆ ಅದನ್ನು ಓದುಗರಿಗೆ ಬರಹದ ಮೇಲ್ಭಾಗದಲ್ಲೇ ತಿಳಿಸಿ, ನಮ್ಮ ದೇಶದ ಜಾಹೀರಾತು ಮಾನಕ ಮಂಡಳಿಯ 2021ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ನೌಕರಿಯಲ್ಲಿರುವವರಾದ್ದರಿಂದ ಸಂಘದ ಸೇವಾ ನಿಯಮದಲ್ಲಿ ಹೊರಗಿನ ಆದಾಯಕ್ಕೆ ಅನುಮತಿ ಬೇಕೇ ಎಂದು ನೋಡಿಕೊಳ್ಳಿ. ಬಂದ ಹಣವನ್ನು ಆದಾಯ ತೆರಿಗೆಯ ವಿವರದಲ್ಲಿ ತೋರಿಸುವುದನ್ನು ನಿಮ್ಮಂಥ ಲೆಕ್ಕದವರಿಗೆ ನಾನು ಹೇಳಬೇಕಾಗಿಲ್ಲ.

ವಾರಕ್ಕೆ ಏಳೂಕಾಲು ಗಂಟೆಯಂತೆ ಆರು ತಿಂಗಳಿಗೆ 188 ಗಂಟೆ. ಅದು ಮುಗಿದ ದಿನ ಹಾಳೆಯನ್ನೂ ಸರ್ಚ್ ಕನ್ಸೋಲನ್ನೂ ಪಕ್ಕಪಕ್ಕ ಇಟ್ಟು, ಅಡುಗೆಯ ಬರಹಗಳಿಗೆ ಎಷ್ಟು ಗಂಟೆ ಹೋಯಿತು, ಎಷ್ಟು ಓದುಗರು, ಎಷ್ಟು ವಿಚಾರಣೆಗಳು ಬಂದವು, ಪ್ರವಾಸಿ ತಾಣಗಳ ಬರಹಗಳಿಗೆ ಎಷ್ಟು ಎಂದು ಎರಡು ಸಾಲಿನಲ್ಲಿ ಬೇರೆ ಮಾಡಿ ಬರೆಯಿರಿ. ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ, ಯಾಣದವನಾದ ನಾನೇ ಹೇಳುತ್ತಿದ್ದೇನೆ, ತಾಣಗಳನ್ನು ಬಿಡಿ: ಉಂಚಳ್ಳಿಗೆ ಹೋಗಿ ಬರಲು ಇಡೀ ಭಾನುವಾರ ಬೇಕು, ಒಲೆ ಮನೆಯಲ್ಲೇ ಇದೆ.